ಜೆಸಿಬಿ ಬರೋಕೆ ಮುಂಚೆ

ನಮಸ್ಕಾರ ಕೇಳುಗರೇ.

ಹುಬ್ಬಳ್ಳಿ-ಧಾರವಾಡದ ಕಡೆ ಎರೆ ಭೂಮಿಯಲ್ಲಿ ಮನೆ ಕಟ್ಟಿಸಿದವರಿಗೆ ಇದು ಗೊತ್ತು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದಕ್ಕೇ ಅದನ್ನು ಅಗೆದು ತೆಗೆದು, ಗರಸು ತುಂಬಿ, ಆಮೇಲೆ ಪಾಯ ಹಾಕುತ್ತಾರೆ. ಸರಿ, ಅಗೆದ ಮಣ್ಣು ಎಲ್ಲಿಗೆ ಹೋಯಿತು?

ಟಿಪ್ಪರ್ ಡ್ರೈವರ್‌ನನ್ನು ಕೇಳಿ. ಹತ್ತಿರದ ತಗ್ಗಿಗೆ. ಆ ತಗ್ಗು ಎಷ್ಟೋ ಸಲ ನಾಲಾ, ಇಲ್ಲಾಂದ್ರೆ ಕೆರೆಯ ಅಂಚು. ಧಾರವಾಡದ ಪಶ್ಚಿಮಕ್ಕೆ ಬಿದ್ದ ಮಳೆ ಶಾಲ್ಮಲೆ ಹಿಡಿದು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಪೂರ್ವದ ನೀರು ಬೆಣ್ಣೆಹಳ್ಳ, ಮಲಪ್ರಭೆ ದಾಟಿ ಬಂಗಾಳ ಕೊಲ್ಲಿಗೆ. ಅಷ್ಟು ದೂರ ಹೋಗಬೇಕಾದ ನೀರನ್ನು ನಾಲ್ಕು ಟ್ರಿಪ್ ಮಣ್ಣು ಓಣಿಯಲ್ಲೇ ನಿಲ್ಲಿಸಿಬಿಡುತ್ತದೆ.

ಕಟ್ಟಡದ ಜಾಗದಲ್ಲಿ ಮಣ್ಣು, ನೀರು, ಗಿಡಮರ ನೋಡಿಕೊಳ್ಳೋದು ನನ್ನ ಕೆಲಸ. ಗೌಂಡಿಗಳು ನನ್ನನ್ನು 'ಗಿಡದ ಸಾಹೇಬ್ರು' ಅಂತಾರೆ. 2006ರ ಪರಿಸರ ಅಧಿಸೂಚನೆ ಪ್ರಕಾರ 20,000 ಚದರ ಮೀಟರ್‌ನಿಂದ ಮೇಲಿನ ಕಟ್ಟಡಕ್ಕೆ ಮುಂಚೆಯೇ ಪರಿಸರ ಅನುಮತಿ ಬೇಕು. ನಮ್ಮ ಊರಿನ ಹೆಚ್ಚಿನ ಕಟ್ಟಡಗಳು ಅದಕ್ಕಿಂತ ಚಿಕ್ಕವು. ಅಲ್ಲಿ ನನ್ನಂಥವರನ್ನು ಕರೆಯೋದು ಮಾಲೀಕರ ಮನಸ್ಸಿಗೆ ಬಿಟ್ಟದ್ದು.

ಕರೆದರೂ ತಡವಾಗಿ ಕರೆಯುತ್ತಾರೆ. ಒಂದು ಸೈಟಿಗೆ ಕೆಲಸ ಶುರುವಾಗಿ ಮೂರು ತಿಂಗಳಾದ ಮೇಲೆ ಹೋಗಿದ್ದೆ. ಮೂಲೆಯಲ್ಲಿ ದೊಡ್ಡ ಬೇವಿನ ಮರ. ಬುಡಕ್ಕೆ ಜಲ್ಲಿ ರಾಶಿ. ಅದರ ಪಕ್ಕದಲ್ಲೇ ದಿನಾ ಸಂಜೆ ಮಿಕ್ಸರ್ ತೊಳೆಯುತ್ತಿದ್ದರು. ಸಿಮೆಂಟ್ ನೀರು ಸುಣ್ಣದ ನೀರಿನಷ್ಟೇ ಖಾರ, ಬೇರನ್ನು ಸುಡುತ್ತದೆ. ಮೇಲಿನ ಭಾರಕ್ಕೆ ಮಣ್ಣು ಬಿಗಿದು ಬೇರಿಗೆ ಗಾಳಿಯೂ ಇಲ್ಲ. ಒಂದು ಕಡೆಯ ಟೊಂಗೆಗಳು ಆಗಲೇ ಒಣಗಿದ್ದವು. ಇಂಜಿನಿಯರ್ ಹೇಳಿದರು, "ಮರ ಕಡಿದಿಲ್ವಲ್ಲ ಸರ್!"

ಅವರ ಮಾತು ಸುಳ್ಳೂ ಅಲ್ಲ. ಕಡಿದರೆ ಅನುಮತಿ ಕೇಳಬೇಕು, ಸುಮ್ನೆ ಒಣಗಿಸಿದರೆ ಕೇಳೋರಿಲ್ಲ.

ಅಂದಿನಿಂದ ನನ್ನದೊಂದು ಷರತ್ತು. ಜೆಸಿಬಿ ಬರುವ ಮೊದಲು ನಾನು ಬರಬೇಕು. ಮೇಲಿನ ಅರ್ಧ ಅಡಿ ಮಣ್ಣನ್ನು ಬೇರೆ ರಾಶಿ ಹಾಕಿಸಿ ಮುಚ್ಚಿಡುತ್ತೇನೆ, ಕೊನೆಗೆ ಕೈತೋಟಕ್ಕೆ ಅದೇ ಬೇಕು. ಉಳಿದ ಮಣ್ಣು ಎಲ್ಲಿಗೆ ಅಂತ ಟ್ರಿಪ್ ಚೀಟಿಯಲ್ಲಿ ಬರೆಸುತ್ತೇನೆ. ಮರದ ಟೊಂಗೆ ಎಲ್ಲಿಯವರೆಗೆ ಹರಡಿದೆಯೋ ಅಲ್ಲಿಯವರೆಗೆ ಗೂಟ ಹೊಡೆದು ಹಗ್ಗ ಕಟ್ಟಿಸುತ್ತೇನೆ. ಜಾಗ ಜಾಸ್ತಿ ಹಿಡಿಯಿತು ಅಂತ ಜಗಳ ಆಗುತ್ತದೆ, ಆಗಲಿ.

ಮಧ್ಯಾಹ್ನ ಗೌಂಡಿಗಳು ಆ ಹಗ್ಗ ದಾಟಿ ಬಂದು ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಮಿಕ್ಸರ್ ಮಾತ್ರ ಹೊರಗೇ ಇರಲಿ.

ನಮಸ್ಕಾರ.