ಬ್ರೌನ್ ಇಲ್ಲದ ಪುಸ್ತಕ

ಸ್ನೇಹಿತರೇ, ಪತ್ರಿಕೆಗೆ ಬರೆದದ್ದನ್ನೆಲ್ಲ ಒಟ್ಟುಮಾಡಿ, ಯಾರಿಂದಲಾದರೂ ಮುನ್ನುಡಿ ಬರೆಸಿಬಿಟ್ಟರೆ ಪುಸ್ತಕ ಆಯ್ತು ಅಂದುಕೊಂಡವರು ಬಹಳ ಜನ. ಅಮೆರಿಕದ ಹಾಸ್ಯ ಲೇಖಕ ಮಾರ್ಕ್ ಟ್ವೈನ್‌ನ ಪ್ರವಾಸದ ಪುಸ್ತಕ ‘ದಿ ಇನ್ನೋಸೆಂಟ್ಸ್ ಅಬ್ರಾಡ್’ ಕೂಡ ಹಾಗೇ ಆದದ್ದು ಅನ್ನೋರಿದ್ದಾರೆ. ಅದು ಅಷ್ಟು ಸಲೀಸಾಗಿ ಆಗಲಿಲ್ಲ.

1867ರ ಜೂನ್‌ನಲ್ಲಿ ಕ್ವೇಕರ್ ಸಿಟಿ ಅನ್ನೋ ಹಬೆ ಹಡಗು ನ್ಯೂಯಾರ್ಕ್‌ನಿಂದ ಯುರೋಪ್, ಜೆರುಸಲೇಮ್ ಕಡೆ ಹೊರಟಿತು. ತಲೆಗೆ 1,250 ಡಾಲರ್. ಹತ್ತಿದವರಲ್ಲಿ ಜಾಸ್ತಿ ಜನ ದುಡ್ಡುಳ್ಳವರು, ದೈವಭಕ್ತರು. ಟ್ವೈನ್‌ಗೆ ಆಗ 31 ವರ್ಷ. ಅವನ ಟಿಕೆಟ್ಟಿನ ಹಣ ಕೊಟ್ಟದ್ದು ಸ್ಯಾನ್ ಫ್ರಾನ್ಸಿಸ್ಕೋದ ‘ಆಲ್ಟಾ ಕ್ಯಾಲಿಫೋರ್ನಿಯಾ’ ಪತ್ರಿಕೆ. ದಾರಿಯುದ್ದಕ್ಕೂ ಪತ್ರ ಬರೆದು ಕಳಿಸಬೇಕು, ಒಂದು ಪತ್ರಕ್ಕೆ 20 ಡಾಲರ್.

ನವೆಂಬರ್‌ನಲ್ಲಿ ಹಡಗು ವಾಪಸು ಬಂತು. ಬಂದ ಬೆನ್ನಿಗೇ ಹಾರ್ಟ್‌ಫರ್ಡ್‌ನ ಪ್ರಕಾಶಕ ಎಲೈಷಾ ಬ್ಲಿಸ್ ಪುಸ್ತಕ ಕೇಳಿ ಕಾಗದ ಬರೆದ. ಅಂಗಡಿಯಲ್ಲಿಟ್ಟು ಮಾರುವ ಪ್ರಕಾಶಕ ಇವನಲ್ಲ. ಇವನ ಏಜೆಂಟರು ಮಾದರಿ ಪುಟಗಳನ್ನು ಹಿಡಿದು ಮನೆಮನೆಗೆ ಹೋಗಿ ಮೊದಲೇ ಆರ್ಡರ್ ತರುತ್ತಿದ್ದರು. ಕೊಟ್ಟ ಕಾಸಿಗೆ ದಪ್ಪ ಪುಸ್ತಕ, ತುಂಬಾ ಚಿತ್ರಗಳು ಬೇಕು ಅನ್ನೋ ಗಿರಾಕಿಗಳು. ಅವರ ಲೆಕ್ಕಕ್ಕೆ ಪತ್ರಗಳು ಸಾಲದು. ಟ್ವೈನ್ ಹೊಸದಾಗಿ ಬೇಕಾದಷ್ಟು ಬರೆಯಬೇಕಾಯಿತು.

ಅಷ್ಟರಲ್ಲಿ ಇನ್ನೊಂದು ತೊಡಕು. ಪತ್ರಗಳ ಹಕ್ಕು ನಮ್ಮದು, ಪುಸ್ತಕವನ್ನೂ ನಾವೇ ತರುತ್ತೇವೆ ಅಂತು ಆಲ್ಟಾ. ಪ್ರಯಾಣದ ಖರ್ಚು ಹಾಕಿದವರು ಅವರು, ಸುಮ್ನೆ ಬಿಟ್ಟುಕೊಡ್ತಾರಾ? ನನಗೆ ಅವರ ವಾದದಲ್ಲಿ ತಪ್ಪೇನೂ ಕಾಣೋದಿಲ್ಲ. ಟೆಲಿಗ್ರಾಮಿನಲ್ಲಿ ಬಗೆಹರಿಯೋ ಜಗಳ ಇದಲ್ಲ ಅಂತ ಟ್ವೈನ್‌ಗೆ ಗೊತ್ತಾಯಿತು. 1868ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟೇಬಿಟ್ಟ. ಆಗಿನ್ನೂ ದೇಶದ ಆ ತುದಿಗೆ ರೈಲು ಇರಲಿಲ್ಲ, ಪನಾಮಾ ಸುತ್ತಿಕೊಂಡು ಹೋಗಬೇಕು. ಎದುರು ಕೂತು ಮಾತಾಡಿ ಒಪ್ಪಿಸಿದ. ಹಕ್ಕು ಬಿಟ್ಟುಕೊಟ್ಟದ್ದಕ್ಕೆ ಮುನ್ನುಡಿಯಲ್ಲಿ ಆ ಪತ್ರಿಕೆಯವರನ್ನು ನೆನೆದಿದ್ದಾನೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಕೂತು ಬರೆದ. ಹಸ್ತಪ್ರತಿ ಓದಿ, ಎಲ್ಲೆಲ್ಲಿ ಕತ್ತರಿ ಹಾಕಬೇಕು ಅಂತ ಹೇಳಿದ್ದು ಅವನ ಲೇಖಕ ಗೆಳೆಯ ಬ್ರೆಟ್ ಹಾರ್ಟ್. ಕತ್ತರಿಗೆ ಸಿಕ್ಕಿದ್ದೇನು ಅಂತ ನೋಡಿದರೆ ಮಜಾ ಇದೆ.

ಪತ್ರಗಳಲ್ಲಿ ಬ್ರೌನ್ ಅನ್ನೋ ಕಲ್ಪಿತ ಜೊತೆಗಾರನಿದ್ದ. ಟ್ವೈನ್‌ನ ಹಿಂದಿನ ಬರಹಗಳಿಂದಲೇ ಬಂದ ಗಿರಾಕಿ. ಒರಟ, ಬಾಯಿಗೆ ಬಂದದ್ದು ಆಡುವವನು. ಟ್ವೈನ್ ದೇವಸ್ಥಾನ, ಚಿತ್ರಕಲೆ ಅಂತ ಗಂಭೀರವಾಗಿ ಶುರುಮಾಡಿದರೆ ಇವನು ಮಧ್ಯೆ ಬಾಯಿ ಹಾಕಿ ಎಲ್ಲಾ ಕೆಡಿಸುತ್ತಿದ್ದ. ಕ್ಯಾಲಿಫೋರ್ನಿಯಾದ ಪತ್ರಿಕೆ ಓದುಗರಿಗೆ ಅದು ಚೆನ್ನಾಗಿತ್ತು. ಪೂರ್ವ ರಾಜ್ಯಗಳಲ್ಲಿ ಮನೆಮಂದಿಯೆಲ್ಲ ಕೂತು ಓದೋ ಪುಸ್ತಕಕ್ಕೆ ಆಗದು. ಬ್ರೌನ್‌ನನ್ನು ತೆಗೆದುಹಾಕಿದ. ಅವನ ಮಾತಿನಲ್ಲಿ ಕೆಲವನ್ನು ಬ್ಲೂಚರ್ ಅನ್ನೋ ಇನ್ನೊಬ್ಬ ಪ್ರಯಾಣಿಕನಿಗೆ ಕೊಟ್ಟ. ಬಹಳಷ್ಟು ಹೋಯಿತು. ಉಳಿದ ತುಂಟತನ ನಿರೂಪಕನಿಗೇ ಬಂತು. ಪುಸ್ತಕ ಗೆದ್ದದ್ದೇ ಇಲ್ಲಿ ಅಂತ ನಾನು ಹೇಳ್ತೀನಿ. ಪತ್ರದಲ್ಲಿ ಒಬ್ಬ ಮೆಚ್ಚುತ್ತಾನೆ, ಇನ್ನೊಬ್ಬ ಗೇಲಿ ಮಾಡುತ್ತಾನೆ. ಪುಸ್ತಕದಲ್ಲಿ ಎರಡೂ ಒಬ್ಬನೇ. ಯಾವಾಗ ಮೆಚ್ಚುತ್ತಾನೆ, ಯಾವಾಗ ಕಾಲೆಳೆಯುತ್ತಾನೆ ಅಂತ ಓದುಗನಿಗೆ ಮೊದಲೇ ಗೊತ್ತಾಗೋದಿಲ್ಲ.

ಜಿನೋವಾದ ಪ್ರಸಂಗ ನೋಡಿ. ಗೈಡ್ ಉತ್ಸಾಹದಿಂದ ಕೊಲಂಬಸ್ ಸ್ವಂತ ಕೈಯಲ್ಲಿ ಬರೆದ ಕಾಗದ ತೋರಿಸುತ್ತಾನೆ. ಇವರ ಜೊತೆಗಿದ್ದ ಡಾಕ್ಟರ್ ಸಾವಕಾಶವಾಗಿ ನೋಡಿ, ಇಷ್ಟು ಕೆಟ್ಟ ಅಕ್ಷರ ನಾನು ಕಂಡೇ ಇಲ್ಲ, ನಮ್ಮೂರಿನ ಹದಿನಾಲ್ಕು ವರ್ಷದ ಹುಡುಗರೇ ವಾಸಿ ಅನ್ನುತ್ತಾನೆ. ಆಮೇಲೆ ಕೊಲಂಬಸ್‌ನ ಮೂರ್ತಿ ಬರುತ್ತೆ. ಸತ್ತಿದ್ದಾನಾ ಅಂತ ಪ್ರಶ್ನೆ! ನಗು ಇರೋದು ಆ ಗೈಡ್‌ನ ಕಂಗಾಲು ಮುಖದಲ್ಲಿ, ಅಲ್ವಾ?

ಪುಸ್ತಕ ಹೊರಬಂದದ್ದು 1869ರ ಜುಲೈನಲ್ಲಿ. 600 ಪುಟಕ್ಕೂ ಜಾಸ್ತಿ, ಇನ್ನೂರಕ್ಕೂ ಹೆಚ್ಚು ಚಿತ್ರ. ಟ್ವೈನ್ ಒಂದೇ ಗಂಟಿನಲ್ಲಿ ಹಣ ತೆಗೆದುಕೊಳ್ಳದೆ ಶೇಕಡಾ 5 ರಾಯಲ್ಟಿಗೆ ಒಪ್ಪಿದ್ದ. ಮೊದಲ ವರ್ಷವೇ ಸುಮಾರು 70,000 ಪ್ರತಿ ಹೋಯಿತು.

ಮೂಲ ಪತ್ರಗಳು 1958ರಲ್ಲಿ ಬೇರೆ ಪುಸ್ತಕವಾಗಿ ಬಂದವು. ಎರಡನ್ನೂ ಓದೋ ಮನಸ್ಸಿದ್ದರೆ ಮೊದಲು 1869ರ ಪುಸ್ತಕವನ್ನೇ ಹಿಡಿಯಿರಿ. ಪತ್ರಗಳನ್ನು ಮೊದಲು ಓದಿದರೆ ಪುಟಪುಟಕ್ಕೂ ಬ್ರೌನ್‌ನನ್ನು ಹುಡುಕುತ್ತಾ ಕೂರುತ್ತೀರಿ.