ಜೈಲಿನ ಊಟದ ಬಿಲ್ ಯಾರು ಕಟ್ಟಬೇಕು?

ಎಲ್ಲರಿಗೂ ನಮಸ್ಕಾರ.

ಟಿವಿಯಲ್ಲಿ ಯಾವುದೋ ಕೊಲೆ ಕೇಸಿನ ಸುದ್ದಿ ಬರುತ್ತಿರುತ್ತದೆ. ಆರೋಪಿ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಪೊಲೀಸ್ ವ್ಯಾನಿನಿಂದ ಇಳಿಯುತ್ತಾನೆ. ನೋಡುತ್ತಾ ಕೂತವರಲ್ಲಿ ಒಬ್ಬರು ಅನ್ನುತ್ತಾರೆ: "ಇನ್ನೇನು, ಒಳಗೆ ಹೋಗಿ ಆರಾಮಾಗಿ ಮುದ್ದೆ ಮುರೀತಾನೆ. ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಬಿಟ್ಟಿ ಊಟ. ಇಂಥವರ ಕೈಲಿ ಚೆನ್ನಾಗಿ ದುಡಿಸಿ, ಅವರ ಖರ್ಚು ಅವರ ಹತ್ತಿರಾನೇ ವಸೂಲಿ ಮಾಡ್ಬೇಕು." ಪಕ್ಕದಲ್ಲಿದ್ದವರೂ ತಲೆ ಆಡಿಸುತ್ತಾರೆ. ಈ ಮಾತು ನೀವೂ ಕೇಳಿರುತ್ತೀರಿ. ಕೆಲವರು ಆಡಿಯೂ ಇರುತ್ತೀರಿ, ಅಲ್ವಾ?

ಈ ಮಾತನ್ನು ಸುಮ್ನೆ ತಳ್ಳಿಹಾಕಲು ನಾನು ಬಂದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು, ಅಡುಗೆ ಮುಗಿಸಿ, ಗಾರ್ಮೆಂಟ್ಸ್‌ಗೆ ಓಡುವ ಹೆಂಗಸು ಒಂದು ಸೋಪು ಕೊಂಡರೂ ಸರ್ಕಾರಕ್ಕೆ ತೆರಿಗೆ ಕಟ್ಟಿರುತ್ತಾಳೆ. ಅವಳ ಕುತ್ತಿಗೆಯ ಸರ ಕಿತ್ತುಕೊಂಡು ಹೋದವನ ಊಟಕ್ಕೂ ಅದೇ ದುಡ್ಡು ಹೋಗುತ್ತದೆ ಅಂದರೆ ಹೊಟ್ಟೆ ಉರಿಯುವುದು ಸಹಜ. ಅದು ತಪ್ಪೂ ಅಲ್ಲ. ಆದರೆ ವಸೂಲಿ ಮಾಡುವುದಕ್ಕೆ ಎರಡು ದಾರಿ ಇವೆ. ಒಂದು, ಕೈದಿಗೆ ಕೆಲಸ ಕೊಟ್ಟು, ಸರಿಯಾದ ಕೂಲಿ ಕೊಟ್ಟು, ಅದರಲ್ಲಿ ಒಂದು ಪಾಲು ಹಿಡಿದುಕೊಳ್ಳುವುದು. ಇನ್ನೊಂದು, ಅವನಿಗೆ ದುಡಿಮೆ ಇರಲಿ ಬಿಡಲಿ, ದಿನಕ್ಕಿಷ್ಟು ಅಂತ ಲೆಕ್ಕ ಬರೆದು ತಲೆ ಮೇಲೆ ಸಾಲ ಹೊರಿಸುವುದು. ಮಾತಿನಲ್ಲಿ ಎರಡೂ ಒಂದೇ ಥರ ಕೇಳುತ್ತವೆ. ಮೊದಲನೆಯದಕ್ಕೆ ನನ್ನ ಒಪ್ಪಿಗೆ ಇದೆ, ಕೆಲವು ಷರತ್ತಿನ ಮೇಲೆ. ಎರಡನೆಯದು ಬೇಡವೇ ಬೇಡ.

ಮೊದಲು ಒಳಗೆ ಇರುವವರು ಯಾರು ಅಂತ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅದರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ನಾಲ್ಕರಲ್ಲಿ ಮೂರು ಜನ. ಇವರ ಕೇಸು ಇನ್ನೂ ನಡೆಯುತ್ತಿದೆ, ತಪ್ಪು ಸಾಬೀತಾಗಿಲ್ಲ. ಬಹಳ ಜನ ಒಳಗೆ ಇರುವುದು ಜಾಮೀನಿಗೆ ದುಡ್ಡಿಲ್ಲದೆ, ಶ್ಯೂರಿಟಿ ಹಾಕುವವರು ಸಿಗದೆ. ಇವರಿಂದ ಬಲವಂತವಾಗಿ ಕೆಲಸ ಮಾಡಿಸುವ ಹಾಗೂ ಇಲ್ಲ, ತಾವಾಗಿ ಕೇಳಿದರೆ ಮಾತ್ರ ಕೊಡಬಹುದು. ಈಗ ಹೇಳಿ, ಯಾರ ಹತ್ತಿರ ವಸೂಲಿ ಮಾಡುವುದು? ಮೂರು ವರ್ಷ ಒಳಗಿಟ್ಟು, ಆಮೇಲೆ ಕೋರ್ಟು ಖುಲಾಸೆ ಮಾಡಿದರೆ, ಗೇಟಿನಲ್ಲಿ ನಿಲ್ಲಿಸಿ "ಸ್ವಾಮಿ, ನಿಮ್ಮದೇನೂ ತಪ್ಪಿಲ್ಲವಂತೆ. ಮೂರು ವರ್ಷದ ಊಟದ ಬಾಕಿ ಕಟ್ಟಿ ಹೋಗಿ" ಅನ್ನುವುದೇ?

ನಗಬೇಡಿ. ಇದು ನಡೆದಿದೆ.

1773ರಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ ಜಿಲ್ಲೆಗೆ ಜಾನ್ ಹೊವಾರ್ಡ್ ಎಂಬಾತ ಶೆರಿಫ್ ಆಗಿ ಬಂದ. ಶೆರಿಫ್ ಪದವಿ ಅಂದರೆ ಒಂದು ಮರ್ಯಾದೆ, ಅಷ್ಟೇ. ಅದರಲ್ಲಿದ್ದವರು ಸಾಮಾನ್ಯವಾಗಿ ಜೈಲಿನ ಕಡೆ ತಲೆ ಹಾಕುತ್ತಿರಲಿಲ್ಲ. ಈತ ಹಾಕಿದ. ಆಗಿನ ಜೈಲರ್‌ಗಳಿಗೆ ಸಂಬಳ ಇರಲಿಲ್ಲ. ಕೈದಿಗಳು ಕೊಡುವ ಫೀಸೇ ಅವರ ಸಂಪಾದನೆ. ಒಳಗೆ ಬಂದರೆ ಫೀಸು, ಹೊರಗೆ ಹೋಗಬೇಕಾದರೆ ಫೀಸು, ಕಾಲಿನ ಬೇಡಿ ಸಡಿಲ ಮಾಡಿಸಲೂ ದುಡ್ಡು. ಹೊವಾರ್ಡ್ ಕಂಡದ್ದು ಏನೆಂದರೆ, ಖುಲಾಸೆ ಆದವರು, ದೂರು ಕೊಟ್ಟವರೇ ಬಾರದೆ ಕೇಸು ಬಿದ್ದುಹೋದವರು, ಇಂಥವರನ್ನೆಲ್ಲ ಕೋರ್ಟಿನಿಂದ ಮತ್ತೆ ಜೈಲಿಗೇ ಎಳೆದುಕೊಂಡು ಹೋಗುತ್ತಿದ್ದರು. ಫೀಸು ಬಾಕಿ ಇದೆ, ಕಟ್ಟಿದರೆ ಬಿಡುಗಡೆ. ಕಟ್ಟಲಾಗದವನು ಒಳಗೇ ಕೊಳೆಯಬೇಕು.

ಜೈಲರ್‌ಗೆ ಸಂಬಳ ಕೊಟ್ಟು ಈ ಫೀಸು ನಿಲ್ಲಿಸಿ ಅಂತ ಹೊವಾರ್ಡ್ ಜಿಲ್ಲೆಯ ನ್ಯಾಯಾಧಿಕಾರಿಗಳನ್ನು ಕೇಳಿದ. ಅವರ ಉತ್ತರ ಕೇಳಿದರೆ ನಮ್ಮ ಯಾವುದೋ ಕಚೇರಿಯ ನೆನಪಾಗುತ್ತದೆ. ಬೇರೆ ಕಡೆ ಹೀಗೆ ಕೊಟ್ಟ ಉದಾಹರಣೆ ಇದ್ದರೆ ತೋರಿಸು, ನಾವೂ ಕೊಡುತ್ತೇವೆ ಅಂದರು. ಆತ ಕುದುರೆ ಹತ್ತಿ ಅಕ್ಕಪಕ್ಕದ ಜಿಲ್ಲೆಗಳಿಗೆ ಹೋದ. ಉದಾಹರಣೆ ಸಿಗಲಿಲ್ಲ. ಹೋದ ಕಡೆಯಲ್ಲೆಲ್ಲ ಇದೇ ಅನ್ಯಾಯ, ಜೊತೆಗೆ ಜೈಲುಜ್ವರದಲ್ಲಿ ಸಾಯುತ್ತಿದ್ದ ಜನ ಕಣ್ಣಿಗೆ ಬಿದ್ದರು. ಕೊನೆಗೆ 1774ರಲ್ಲಿ ಪಾರ್ಲಿಮೆಂಟು ಆತನ ಮಾತು ಕೇಳಿ ಕಾನೂನು ಮಾಡಿತು. ಖುಲಾಸೆ ಆದವರನ್ನು ಫೀಸು ಕೇಳದೆ ಬಿಡಬೇಕು, ಆ ದುಡ್ಡನ್ನು ಜಿಲ್ಲೆಯೇ ಭರಿಸಬೇಕು ಅಂತ. ಈ ಕಥೆ ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಇದೆ. ಕೈದಿಯಿಂದಲೇ ಜೈಲಿನ ಖರ್ಚು ವಸೂಲಿ ಮಾಡಬೇಕು ಅನ್ನುವುದನ್ನು ಜನ ಹೊಸ ಐಡಿಯಾ ಅಂದುಕೊಂಡಿದ್ದಾರೆ. ಜಗತ್ತು ಅದನ್ನು ಮಾಡಿ ನೋಡಿ, ಸಾಕಾಗಿ ಬಿಟ್ಟದ್ದು.

ಪೂರ್ತಿ ಬಿಟ್ಟಿದೆ ಅಂತಲೂ ಅಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಜೈಲಿನ ಬಾಡಿಗೆ ಇವತ್ತಿಗೂ ಇದೆ. ಫ್ಲೋರಿಡಾದಲ್ಲಿ ದಿನಕ್ಕೆ 50 ಡಾಲರ್. ಕನೆಕ್ಟಿಕಟ್‌ನಲ್ಲಿ ದಿನಕ್ಕೆ 249 ಡಾಲರ್ ತನಕ ಹೋಗಿತ್ತು. ಇದು ದುಡಿಮೆಯಿಂದ ಹಿಡಿಯುವ ಪಾಲಲ್ಲ, ಸಾಲ. ಜೈಲಿನಿಂದ ಬಂದು ಹತ್ತು ವರ್ಷ ನೆಟ್ಟಗೆ ಬದುಕಿ, ತಾಯಿ ಸತ್ತಾಗ ಮನೆಯ ಪಾಲು ಬಂತು ಅನ್ನಿ, ಸರ್ಕಾರ ಆ ಪಾಲಿಗೆ ಕೈ ಹಾಕಬಹುದಿತ್ತು. 2022ರಲ್ಲಿ ಕನೆಕ್ಟಿಕಟ್ ಈ ಕಾನೂನನ್ನು ಬಹಳಷ್ಟು ಸಡಿಲ ಮಾಡಿತು. ಇಲಿನಾಯ್ ರಾಜ್ಯ 2019ರಲ್ಲೇ ಕೈಬಿಟ್ಟಿತ್ತು. ಕಾರಣ ಸರಳ. ಜೈಲಿನಿಂದ ಬಂದವನಿಗೆ ಕೆಲಸ ಸಿಗುವುದೇ ಕಷ್ಟ, ಅವನ ಮೇಲೆ ಲಕ್ಷಗಟ್ಟಲೆ ಸಾಲ ಇದ್ದರೆ ಅವನು ಮತ್ತೆ ಹಳೇ ದಾರಿಯನ್ನೇ ಹಿಡಿಯುತ್ತಾನೆ.

ಅಂದಹಾಗೆ, ಕೈಯಾರೆ ದುಡ್ಡು ಕೊಟ್ಟು ಜೈಲಲ್ಲಿ ಇರುವವರೂ ಇದ್ದಾರೆ. ನಮ್ಮ ಪಕ್ಕದ ತೆಲಂಗಾಣದ ಸಂಗಾರೆಡ್ಡಿಯಲ್ಲಿ ನಿಜಾಮರ ಕಾಲದ ಹಳೇ ಜೈಲನ್ನು ಮ್ಯೂಸಿಯಂ ಮಾಡಿ, 500 ರೂಪಾಯಿ ಕೊಟ್ಟರೆ ಒಂದು ದಿನ ಕೈದಿಯ ಬಟ್ಟೆ ಹಾಕಿ ಒಳಗೆ ಕೂಡಿಹಾಕುವ ಏರ್ಪಾಡು 2016ರಲ್ಲಿ ಶುರು ಮಾಡಿದ್ದರು. ಅವರಿಗೆ ಮಾರನೇ ದಿನ ಬೀಗ ತೆಗೆಯುತ್ತಾರೆ ಅನ್ನುವ ಧೈರ್ಯ ಇತ್ತು, ಬಿಡಿ.

ಸಾಲದ ದಾರಿಗಿಂತಲೂ ಕೆಟ್ಟದ್ದು ಒಂದಿದೆ. ಕೈದಿಯನ್ನು ದುಡಿಸಿ ಸರ್ಕಾರವೇ ಲಾಭ ಮಾಡುವುದು. ಅಮೆರಿಕದಲ್ಲಿ 1865ರಲ್ಲಿ ಗುಲಾಮಗಿರಿ ರದ್ದು ಮಾಡಿದ ತಿದ್ದುಪಡಿಯಲ್ಲೇ 'ಅಪರಾಧಕ್ಕೆ ಶಿಕ್ಷೆಯಾಗಿ ಹೊರತು' ಅನ್ನುವ ಒಂದು ಸಂದಿ ಇತ್ತು. ಆ ಸಂದಿಯಲ್ಲಿ ದಕ್ಷಿಣದ ರಾಜ್ಯಗಳು ನುಗ್ಗಿದವು. ಕೆಲಸವಿಲ್ಲದೆ ತಿರುಗಿದರು ಅನ್ನುವಂಥ ಸಣ್ಣಪುಟ್ಟ ನೆಪಕ್ಕೆ ಕರಿಯರನ್ನು ಹಿಡಿದು, ಕಲ್ಲಿದ್ದಲ ಗಣಿಗಳಿಗೆ, ತೋಟಗಳಿಗೆ ಬಾಡಿಗೆಗೆ ಕೊಟ್ಟವು. ಅಲಬಾಮಾದಲ್ಲಿ ಇದು ನಿಂತದ್ದು 1928ರಲ್ಲಿ. ಒಂದು ಕಾಲಕ್ಕೆ ಆ ರಾಜ್ಯದ ಆದಾಯದ ದೊಡ್ಡ ಪಾಲು ಇದರಿಂದಲೇ ಬರುತ್ತಿತ್ತು. ಕೈದಿಯಿಂದ ದುಡ್ಡು ಹುಟ್ಟುತ್ತದೆ ಅಂತ ಗೊತ್ತಾದ ಸರ್ಕಾರಕ್ಕೆ ಕೈದಿಗಳು ಕಮ್ಮಿ ಆಗುವುದೇ ಬೇಕಾಗುವುದಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆ. 1982ರಲ್ಲಿ, ದೆಹಲಿಯ ಏಷ್ಯಾಡ್ ಕ್ರೀಡಾಂಗಣಗಳನ್ನು ಕಟ್ಟುತ್ತಿದ್ದ ಕೂಲಿಕಾರರ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ಒಂದು ದೊಡ್ಡ ಮಾತು ಹೇಳಿದರು. ಕನಿಷ್ಠ ಕೂಲಿಗಿಂತ ಕಮ್ಮಿಗೆ ದುಡಿಸಿದರೆ ಅದೂ ಬಲವಂತದ ದುಡಿಮೆಯೇ, ಹಸಿವೂ ಒಂದು ಬಲವಂತವೇ ಅಂತ. ಹಾಗಾದರೆ ಜೈಲಿನೊಳಗಿನವರ ಗತಿ ಏನು? ಆಗ ಕೈದಿಗಳಿಗೆ ಸಿಗುತ್ತಿದ್ದದ್ದು ದಿನಕ್ಕೆ ಚಿಲ್ಲರೆ ಕಾಸು. ಕೇರಳ, ಗುಜರಾತ್ ಮುಂತಾದ ಹೈಕೋರ್ಟುಗಳು ಇದು ಸರಿಯಿಲ್ಲ ಅಂದವು. ರಾಜ್ಯ ಸರ್ಕಾರಗಳು ಸುಪ್ರೀಂ ಕೋರ್ಟಿಗೆ ಓಡಿದವು.

1998ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ಕೆ.ಟಿ. ಥಾಮಸ್. ಕಠಿಣ ಶಿಕ್ಷೆ ಆದವರಿಂದ ಕೆಲಸ ಮಾಡಿಸಬಹುದು, ಅದು ಕಾನೂನಿಗೆ ವಿರುದ್ಧ ಅಲ್ಲ. ಆದರೆ ನ್ಯಾಯವಾದ ಕೂಲಿ ಕೊಡಲೇಬೇಕು. ಆ ಕೂಲಿಯಲ್ಲಿ ಊಟ, ಬಟ್ಟೆಯ ಖರ್ಚನ್ನು ಸರ್ಕಾರ ಹಿಡಿದುಕೊಳ್ಳಬಹುದು. ಇನ್ನೊಂದು ಪಾಲನ್ನು, ಅಪರಾಧದಿಂದ ನೊಂದವರಿಗೆ ಪರಿಹಾರ ಕೊಡಲು ತೆಗೆದಿಡಬೇಕು. ಅಂದರೆ 'ಅವರ ಖರ್ಚು ಅವರೇ ಕೊಡಲಿ' ಅನ್ನುವವರಿಗೆ ನಮ್ಮ ಸುಪ್ರೀಂ ಕೋರ್ಟು ಆಗಲೇ ಅರ್ಧ ಹೌದು ಅಂದಿದೆ. ಉಳಿದರ್ಧದಲ್ಲಿ ಸರ್ಕಾರಕ್ಕೊಂದು ಷರತ್ತು ಹಾಕಿದೆ: ಮೊದಲು ಕೂಲಿ ಕೊಡು, ಆಮೇಲೆ ಹಿಡಿ.

ಕರ್ನಾಟಕ ಈ ವಿಷಯದಲ್ಲಿ ಮುಂದಿದೆ. ಕೆಲ ವರ್ಷಗಳ ಹಿಂದೆ ನಮ್ಮ ಸರ್ಕಾರ ಕೈದಿಗಳ ಕೂಲಿ ಪರಿಷ್ಕರಿಸಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ದಿನಕ್ಕೆ 524 ರೂಪಾಯಿ. ಕೆಲಸ ಕಲಿತ ಹಾಗೆ 548, 615, ಕೊನೆಗೆ 663. ದೇಶದಲ್ಲೇ ಜಾಸ್ತಿ ಅಂತ ಆಗ ಪತ್ರಿಕೆಗಳಲ್ಲೆಲ್ಲ ಬಂತು. ಪರಪ್ಪನ ಅಗ್ರಹಾರ, ಮೈಸೂರು, ಹಿಂಡಲಗಾ ಇಂಥ ಜೈಲುಗಳಲ್ಲಿ ಸಿಗುವ ಕೆಲಸ ಏನು? ಬೇಕರಿ, ಟೈಲರಿಂಗ್, ಮಗ್ಗ, ಬಡಗಿ ಕೆಲಸ, ಅಡುಗೆಮನೆ, ತೋಟ. ಅಡುಗೆಮನೆ ಕೆಲಸ ಹಗುರ ಅಂದುಕೊಳ್ಳಬೇಡಿ. ಸಾವಿರಾರು ಜನಕ್ಕೆ ಬೆಳಗಿನ ತಿಂಡಿ ಆಗಬೇಕೆಂದರೆ ನಸುಕಿನಲ್ಲೇ ಒಲೆ ಹಚ್ಚಬೇಕು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. 2024-25ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಯಾರ ತಂಟೆಗೂ ಹೋಗದೆ ಬಿಸಿಲಲ್ಲಿ ಕೆರೆ ಹೂಳೆತ್ತುವವನಿಗೆ 349, ಜೈಲಲ್ಲಿ ಬ್ರೆಡ್ ಸುಡುವವನಿಗೆ 524. ಇದು ಯಾವ ನ್ಯಾಯ? ಈ ಪ್ರಶ್ನೆಗೆ ಉತ್ತರ ಇಲ್ಲದ ಹಾಗೆ ಮುಖ ತಿರುಗಿಸಬಾರದು. ನನ್ನ ಉತ್ತರ ಹೀಗೆ. ನಾಚಿಕೆ ಆಗಬೇಕಾದದ್ದು 524ನ್ನು ನೋಡಿ ಅಲ್ಲ, 349ನ್ನು ನೋಡಿ. ಇನ್ನೊಂದು, ಜೈಲಿನ ಕೂಲಿಯನ್ನು ಇಳಿಸಿದರೆ ಹೊರಗಿನವನಿಗೇ ಪೆಟ್ಟು. ಜೈಲಲ್ಲಿ ಪುಕ್ಕಟೆ ಕೈಯಲ್ಲಿ ಮಾಡಿದ ಮೇಜು ಅರ್ಧ ಬೆಲೆಗೆ ಮಾರುಕಟ್ಟೆಗೆ ಬಂದರೆ ಊರಿನ ಬಡಗಿ ಅಂಗಡಿ ಮುಚ್ಚಬೇಕು. ಅಮೆರಿಕದಲ್ಲಿ ಕಾರ್ಮಿಕ ಸಂಘಗಳು ಇದೇ ಕಾರಣಕ್ಕೆ ಗಲಾಟೆ ಮಾಡಿ, 1935ರ ಹೊತ್ತಿಗೆ ಜೈಲಿನ ಸರಕನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದಕ್ಕೇ ಕಡಿವಾಣ ಹಾಕಿಸಿದವು.

ಕೂಲಿಯ ಜೊತೆಗೆ, ಯಾವ ಕೆಲಸ ಯಾರಿಗೆ ಅನ್ನುವುದನ್ನೂ ನೋಡಬೇಕು. ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಸುಪ್ರೀಂ ಕೋರ್ಟಿಗೆ ಹೋಗಿದ್ದರಿಂದ ಬಯಲಾದ ಸಂಗತಿ ಇದು. ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷ ಆದಮೇಲೂ ಕೆಲವು ರಾಜ್ಯಗಳ ಜೈಲು ಕೈಪಿಡಿಯಲ್ಲಿ ಅಡುಗೆಗೆ ಮೇಲ್ಜಾತಿಯವರು, ಕಸ ಗುಡಿಸಲು, ಕಕ್ಕಸು ತೊಳೆಯಲು ಇಂತಿಂಥ ಜಾತಿಯವರು ಅಂತ ಅಚ್ಚಾಗಿಯೇ ಇತ್ತು! ಉತ್ತರ ಪ್ರದೇಶದ ನಿಯಮದಲ್ಲಂತೂ, ಸಾದಾ ಶಿಕ್ಷೆ ಆದವನಿಗೆ ಕೀಳು ಕೆಲಸ ಹೇಳಬಾರದು, ಅಂಥ ಕೆಲಸ ರೂಢಿಯಿರುವ ಸಮುದಾಯದವನಾದರೆ ಪರವಾಗಿಲ್ಲ ಅಂತ ಇತ್ತು. 2024ರ ಅಕ್ಟೋಬರ್ 3ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಇದನ್ನೆಲ್ಲ ಹೊಡೆದುಹಾಕಿತು. ಕೈದಿಗಳ ರಿಜಿಸ್ಟರಿನಲ್ಲಿ ಜಾತಿಯ ಕಾಲಂ ಇರಬಾರದು ಅಂತಲೂ ಹೇಳಿತು. 'ಜೈಲಲ್ಲಿ ದುಡಿಸಿ' ಅಂತ ಸುಲಭವಾಗಿ ಹೇಳುವವರು ಇದನ್ನು ಓದಬೇಕು. ಒಳಗೆ ದುಡಿಮೆ ಹಂಚುವಾಗ ಹೊರಗಿನ ಊರು, ಕೇರಿ ಎರಡೂ ಗೋಡೆ ದಾಟಿ ಬಂದಿರುತ್ತವೆ.

ಹಾಗಾದರೆ ಕೈದಿ ತನ್ನ ಅನ್ನ ತಾನೇ ದುಡಿದು ತಿನ್ನುವುದು ಸಾಧ್ಯವೇ ಇಲ್ಲವೇ? ಇದೆ. ಜೈಪುರದ ಹತ್ತಿರ ಸಾಂಗಾನೇರ್ ಅಂತ ಒಂದು ಬಯಲು ಬಂದೀಖಾನೆ ಇದೆ. 1963ರಲ್ಲಿ, ಸಂಪೂರ್ಣಾನಂದರು ರಾಜಸ್ಥಾನದ ರಾಜ್ಯಪಾಲರಾಗಿದ್ದಾಗ ಶುರುವಾದದ್ದು. ಇಲ್ಲಿ ಕೊಲೆ ಕೇಸಿನಲ್ಲಿ ಜೀವಾವಧಿ ಆದವರೂ ಇದ್ದಾರೆ. ಶಿಕ್ಷೆಯ ಒಂದು ಭಾಗವನ್ನು ಮುಚ್ಚಿದ ಜೈಲಲ್ಲಿ ಸನ್ನಡತೆಯಿಂದ ಕಳೆದವರಿಗೆ ಇಲ್ಲಿಗೆ ಬರುವ ಅವಕಾಶ. ಹೆಂಡತಿ ಮಕ್ಕಳು ಜೊತೆಗಿರಬಹುದು. ಬೆಳಗ್ಗೆ ಹಾಜರಿ, ಆಮೇಲೆ ಕೆಲಸಕ್ಕೆ ಹೊರಡುವುದು. ಒಬ್ಬ ಫ್ಯಾಕ್ಟರಿಗೆ, ಒಬ್ಬ ಅಂಗಡಿಗೆ, ಇನ್ನೊಬ್ಬ ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ. ಹೌದು, ಕೊಲೆ ಮಾಡಿದವನು ಇನ್ನೊಬ್ಬರ ಮನೆ ಕಾಯುತ್ತಾನೆ! ಸಂಜೆ ಮತ್ತೆ ಹಾಜರಿ. ಸರ್ಕಾರ ಊಟ ಹಾಕುವುದಿಲ್ಲ. ರೇಷನ್, ಕರೆಂಟು ಬಿಲ್ಲು, ಮಕ್ಕಳ ಸ್ಕೂಲ್ ಫೀಸು ಎಲ್ಲ ಅವರದೇ ದುಡಿಮೆಯಲ್ಲಿ. ಕೈದಿಗಳದ್ದೇ ಒಂದು ಪಂಚಾಯಿತಿ ಇದೆ, ದಿನದಿನದ ವ್ಯವಹಾರ ಅದೇ ನೋಡಿಕೊಳ್ಳುತ್ತದೆ. ಕಾವಲಿಗೆ ಬೆರಳೆಣಿಕೆಯ ಸಿಬ್ಬಂದಿ ಸಾಕು.

ಇಲ್ಲಿ ಒಂದು ಲೆಕ್ಕ ಗಮನಿಸಿ. ಜೈಲಿನ ಖರ್ಚು ಅಂದ ತಕ್ಷಣ ನಮಗೆ ಕಾಣುವುದು ಕೈದಿಯ ತಟ್ಟೆ. ಗೋಡೆ, ಗೋಪುರ, ಬೀಗ, ಕ್ಯಾಮೆರಾ, ಹಗಲು ರಾತ್ರಿ ಪಾಳಿಯಲ್ಲಿ ನಿಲ್ಲುವವರ ಸಂಬಳ, ಪಿಂಚಣಿ ಯಾರಿಗೂ ಕಾಣುವುದಿಲ್ಲ. ಅದು ನಮ್ಮ ಸುರಕ್ಷತೆಗೆ ನಾವು ಮಾಡುವ ಖರ್ಚು, ಕೈದಿಯ ಮೇಲೆ ಹಾಕಲು ಬರುವುದಿಲ್ಲ. ತಟ್ಟೆಯ ಖರ್ಚು ಬೇಕಾದರೆ ಕೇಳಿ. ಸಾಂಗಾನೇರಿನಲ್ಲಿ ತಟ್ಟೆಯದ್ದೂ ಉಳಿಯಿತು, ಗೋಡೆಯದ್ದೂ ಉಳಿಯಿತು. ನಮ್ಮಲ್ಲೂ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಒಂದು ಬಯಲು ಬಂದೀಖಾನೆ ಇದೆ. ಬೆಂಗಳೂರಿನ ಕೋರಮಂಗಲ ಅಲ್ಲ, ಅಲ್ಲಿಗೆ ಹೋಗಿ ಹುಡುಕಬೇಡಿ. ಇಷ್ಟು ದೊಡ್ಡ ರಾಜ್ಯಕ್ಕೆ ಅಂಥವು ಇನ್ನೂ ನಾಲ್ಕಾರು ಬೇಕು.

ದುಡ್ಡು ಹಂಚುವುದು ಹೇಗೆ? ಒಬ್ಬ ತಿಂಗಳಿಗೆ 25 ದಿನ ಕೆಲಸ ಮಾಡಿದರೆ 524ರ ಲೆಕ್ಕದಲ್ಲಿ 13,100 ರೂಪಾಯಿ. ನನ್ನನ್ನು ಕೇಳಿದರೆ ಮೊದಲ ಪಾಲು ಅವನ ಮನೆಗೆ ಹೋಗಬೇಕು. ಅವನು ಒಳಗೆ ಹೋದದ್ದರಿಂದ ಸ್ಕೂಲು ಬಿಟ್ಟ ಮಗಳು ಯಾವ ತಪ್ಪೂ ಮಾಡಿಲ್ಲ. ಎರಡನೇ ಪಾಲು ಅವನಿಂದ ನೊಂದವರಿಗೆ. ಮೂರನೆಯದು ಬಿಡುಗಡೆಯ ದಿನ ಅವನ ಕೈಗೆ, ಬಸ್ ಚಾರ್ಜಿಗೂ ಪರದಾಡಬಾರದು. ಸರ್ಕಾರದ ಊಟದ ಬಾಬತ್ತು ಕೊನೆಗೆ, ಉಳಿದರೆ. ನೀವು ಈ ಸಾಲನ್ನು ಬೇರೆ ಥರ ಜೋಡಿಸಬಹುದು. ಅಪ್ಪನನ್ನೋ ಮಗನನ್ನೋ ಕಳೆದುಕೊಂಡ ಮನೆಯವರು, ಮೊದಲ ಪಾಲು ನಮ್ಮದು ಅಂದರೆ ನಾನು ವಾದ ಮಾಡಲಾರೆ.

ವಿಚಾರಣಾಧೀನ ಕೈದಿಗಳ ಹತ್ತಿರ ಮಾತ್ರ ಒಂದು ರೂಪಾಯಿಯನ್ನೂ ಕೇಳಬಾರದು. 2023ರಲ್ಲಿ ಕೇಂದ್ರ ಸರ್ಕಾರವೇ ಒಂದು ಯೋಜನೆ ತಂದಿದೆ. ಜಾಮೀನು ಸಿಕ್ಕಿಯೂ ದುಡ್ಡಿಲ್ಲದೆ ಒಳಗೇ ಉಳಿದ ಬಡವರಿಗೆ, ಆಗ ಇಟ್ಟ ಮಿತಿಯಂತೆ, 40,000 ರೂಪಾಯಿ ತನಕ, ದಂಡ ಕಟ್ಟಲಾಗದೆ ಉಳಿದವರಿಗೆ 25,000 ರೂಪಾಯಿ ತನಕ ಸರ್ಕಾರವೇ ಕಟ್ಟಿ ಬಿಡಿಸುವ ಯೋಜನೆ. ಹೊರಗೆ ಬರಲು ದುಡ್ಡಿಲ್ಲ ಅಂತ ಒಂದು ಕೈಯಲ್ಲಿ ಕೊಟ್ಟು, ಒಳಗಿದ್ದೆ ಅಂತ ಇನ್ನೊಂದು ಕೈಯಲ್ಲಿ ಕೇಳುವುದಕ್ಕೆ ಆಗುತ್ತದೆಯೇ? ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋದಾಗ ಈ ಯೋಜನೆಯಲ್ಲಿ ಇಲ್ಲಿಯವರೆಗೆ ಎಷ್ಟು ಜನ ಹೊರಗೆ ಬಂದರು ಅಂತ ವಿಚಾರಿಸಿ.

ನನ್ನ ಮಾತು ಇಷ್ಟೇ. ಸಮಯ ಇದೆ, ಕೇಳುವುದಿದ್ದರೆ ಕೇಳಿ. ಜಗಳ ಆಡುವುದಿದ್ದರೂ ಆಡಿ.