ಯಾರಿಗೆ ಯಾವ ಲೋಕ? ಬೈತಖೋಲದಿಂದ ಶಿರಸಿವರೆಗೆ ಒಂದು ಚೀಲ ಪುಸ್ತಕ

ಸ್ಕ್ರೀನ್ ಮೇಲೆ ಏನೂ ಕಾಣಿಸುತ್ತಿಲ್ಲ, ಅಲ್ವಾ? ಬರೀ ಕತ್ತಲೆ, ಅಲೆಯ ಸದ್ದು. ಸ್ವಲ್ಪ ತಡೆಯಿರಿ. ಇಗೋ, ಅಲ್ಲಿ. ಅಲೆ ಮಗುಚಿದ ಕಡೆ ಒಂದು ನೀಲಿ ಗೆರೆ. ಮತ್ತೆ ಕತ್ತಲೆ. ಮತ್ತೆ ಗೆರೆ.

ಇದು ಕಾರವಾರದ ಟ್ಯಾಗೋರ್ ಕಡಲತೀರ. ಕಳೆದ ನವೆಂಬರ್‌ನ ಒಂದು ರಾತ್ರಿ ಮೊಬೈಲ್‌ನಲ್ಲಿ ತೆಗೆದದ್ದು. ನಾಕ್ಟಿಲ್ಯೂಕಾ ಅನ್ನುವ ಒಂದೇ ಜೀವಕೋಶದ ಪುಟ್ಟ ಜೀವಿ ಇದೆ. ನೀರು ಕದಡಿದಾಗ ಅದು ಹೀಗೆ ಮಿನುಗುತ್ತದೆ. ಕಾಲಿಟ್ಟರೆ ಕಾಲಿನ ಸುತ್ತ ಬೆಳಕು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅರ್ಧ ಗಂಟೆ ಸುಮ್ನೆ ಅದರಲ್ಲೇ ಓಡಾಡಿದೆ.

ನನ್ನ ಜೊತೆ ಪಕ್ಕದ ಮನೆಯ ಹುಡುಗ ಬಂದಿದ್ದ. ಬೈತಖೋಲ ಬಂದರಿನಿಂದ ಪರ್ಸೀನ್ ಬೋಟಿಗೆ, ಅಂದರೆ ದೊಡ್ಡ ಬಲೆಯಿಂದ ಮೀನಿನ ಹಿಂಡು ಸುತ್ತುವ ಬೋಟಿಗೆ ಹೋಗುತ್ತಾನೆ. ಅವನಿಗೆ ಇದರಲ್ಲಿ ಹೊಸತೇನೂ ಇರಲಿಲ್ಲ. "ಅಕ್ಕಾ, ಇದು ಎಂತ ಬೆಳಕು? ದೂರ ಹೋದ್ರೆ ಇದಕ್ಕಿಂತ ಜಾಸ್ತಿ ಇರ್ತದೆ. ಮೀನಿನ ಹಿಂಡು ಎಲ್ಲಿ ಹೋಗ್ತಾ ಉಂಟು ಅಂತ ಬೆಳಕಲ್ಲೇ ಗೊತ್ತಾಗ್ತದೆ" ಅಂದ.

ಆಗ ಅವನಿಗೆ ಒಂದು ಕಥೆ ಹೇಳಿದೆ. ಒಂದು ಜಲಾಂತರ್ಗಾಮಿ. ಹೆಸರು ನಾಟಿಲಸ್. ರಾತ್ರಿ ಬಂಗಾಳ ಕೊಲ್ಲಿಯಲ್ಲಿ ಅದು ಮೇಲೆ ಬರುತ್ತದೆ. ನೋಡಿದರೆ ಸಮುದ್ರವೆಲ್ಲ ಹಾಲಿನ ಹಾಗೆ ಬೆಳ್ಳಗೆ. ಆಕಾಶವೇ ಕಪ್ಪು, ನೀರೇ ಬಿಳಿ. ಇದು ಫ್ರಾನ್ಸಿನ ಜೂಲ್ಸ್ ವರ್ನ್ 1870ರ ಹೊತ್ತಿಗೆ ಬರೆದು ಮುಗಿಸಿದ ಕಾದಂಬರಿ, 'ಸಮುದ್ರದಾಳದಲ್ಲಿ ಇಪ್ಪತ್ತು ಸಾವಿರ ಲೀಗ್'. ಆ ಇಪ್ಪತ್ತು ಸಾವಿರ ಲೀಗ್ ಆಳದ ಲೆಕ್ಕ ಅಲ್ಲ, ನೀರಿನ ಕೆಳಗೆ ಸುತ್ತಿದ ದೂರದ ಲೆಕ್ಕ. ಸುಮಾರು 80,000 ಕಿಲೋಮೀಟರ್.

ಹುಡುಗ ಕೇಳಿದ, "ಅದನ್ನ ಬರೆದವರು ಇಲ್ಲಿಗೆ ಬಂದಿದ್ರಾ?"

ಬಂದಿರಲಿಲ್ಲ. ಆದರೆ ಅವರ ನಾಟಿಲಸ್ ನಮ್ಮ ಅರಬ್ಬಿ ಸಮುದ್ರ ದಾಟಿ ಹೋಗುತ್ತದೆ. ಶ್ರೀಲಂಕಾ ಬಿಟ್ಟು, ಲಕ್ಷದ್ವೀಪದ ಕಿಲ್ತಾನ್ ಪಕ್ಕದಲ್ಲೇ ಸಾಗುತ್ತದೆ. ಅದರ ಒಡೆಯ ಕ್ಯಾಪ್ಟನ್ ನೆಮೊ ಯಾರು ಅಂತ ಆ ಪುಸ್ತಕದಲ್ಲಿ ಗೊತ್ತಾಗುವುದಿಲ್ಲ. ವರ್ನ್ ಅವರದ್ದೇ 1875ರ ಇನ್ನೊಂದು ಕಾದಂಬರಿಯಲ್ಲಿ ಗೊತ್ತಾಗುತ್ತದೆ. ಅವನು ಬುಂದೇಲಖಂಡದ ರಾಜಕುಮಾರ, 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದವನು. ಇದನ್ನು ಕೇಳಿದಾಗ ಹುಡುಗ ನಿಂತುಬಿಟ್ಟ. "ನಮ್ಮವನಾ?" ಅಂದ.

ಈ ವಿಡಿಯೊ ಅಲ್ಲಿಂದ ಶುರುವಾಯಿತು. ವಿಜ್ಞಾನದ ಕಾದಂಬರಿ, ಮತ್ತೆ ಮಂತ್ರ-ಮಾಯೆಯ ಲೋಕ ಕಟ್ಟುವ ಫ್ಯಾಂಟಸಿ ಕಾದಂಬರಿ, ಇವುಗಳಲ್ಲಿ ಯಾರಿಗೆ ಯಾವುದು ಹೊಂದುತ್ತದೆ ಅನ್ನುವ ವಿಡಿಯೊ ಇದು.

ಯಾಕೆಂದರೆ ಎರಡು ವರ್ಷದ ಹಿಂದೆ ಇದೇ ಹುಡುಗನಿಗೆ ನಾನು ಒಂದು ದಪ್ಪ ಪುಸ್ತಕ ಕೊಟ್ಟಿದ್ದೆ. ಟೋಲ್ಕಿನ್ ಅವರ 'ಲಾರ್ಡ್ ಆಫ್ ದಿ ರಿಂಗ್ಸ್'. ಫ್ಯಾಂಟಸಿ ಅಂದರೆ ಮೊದಲು ಇದನ್ನೇ ಓದಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ, ನಾನೂ ಅದನ್ನೇ ಹೇಳಿದ್ದೆ. ಅದು ಕಥೆಯಿಂದ ಶುರುವಾಗುವುದೇ ಇಲ್ಲ. ಹಾಬಿಟ್ ಅನ್ನುವ ಜನ ಹೇಗಿರುತ್ತಾರೆ, ಎಂಥ ಮನೆ ಕಟ್ಟುತ್ತಾರೆ, ಯಾವ ಎಲೆಯ ಹೊಗೆ ಸೇದುತ್ತಾರೆ ಅಂತ ಮೊದಲು ಒಂದಿಷ್ಟು ಪುಟ. ನನಗೆ ಆ ಪುಟಗಳು ಪ್ರಾಣ. ಅವನು ಅಲ್ಲೇ ಬಿಟ್ಟ. "ಅಕ್ಕಾ, ನನ್ನ ತಲೆಗೆ ಇದು ಹತ್ತೋದಲ್ಲ" ಅಂತ ವಾಪಸ್ ತಂದುಕೊಟ್ಟ. ಆಮೇಲೆ ಎರಡು ವರ್ಷ ಒಂದು ಪುಸ್ತಕವನ್ನೂ ಮುಟ್ಟಲಿಲ್ಲ. ತಪ್ಪು ಅವನ ತಲೆಯದ್ದಲ್ಲ. ಅವನಿಗೆ ಬೇಕಾಗಿದ್ದು ಕಡಲು, ಯಂತ್ರ, ಒಬ್ಬ ಸಿಟ್ಟಿನ ಮನುಷ್ಯ. ನಾನು ಕೇಳಲೇ ಇಲ್ಲ.

ಈಗ ಅವನು ಕಡಲಿಗೆ ಹೋಗುವ ಮುಂಚೆ ವಾಟ್ಸಾಪ್‌ನಲ್ಲಿ ಆಡಿಯೊ ಕಳಿಸುತ್ತೇನೆ. ಒಂದೊಂದು ಅಧ್ಯಾಯವನ್ನೂ ಓದಿಕೊಂಡು, ಕನ್ನಡದಲ್ಲಿ ಹೇಳಿ ರೆಕಾರ್ಡ್ ಮಾಡುತ್ತೇನೆ. ಬಂದರು ಬಿಟ್ಟ ಮೇಲೆ ನೆಟ್‌ವರ್ಕ್ ಇರುವುದಿಲ್ಲ, ಅದಕ್ಕೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳುತ್ತಾನೆ. ಬೋಟಿನ ಉಳಿದವರೂ ಕೇಳುತ್ತಾರಂತೆ.

ಹಾಲಿನ ಸಮುದ್ರ ವರ್ನ್ ಕಟ್ಟಿದ್ದಲ್ಲ, ಇದನ್ನೂ ಹೇಳಿಬಿಡುತ್ತೇನೆ. ನಾವಿಕರು ಅದನ್ನು ನಿಜವಾಗಿ ಕಂಡು ಬರೆದಿಟ್ಟಿದ್ದಾರೆ. 1995ರ ಜನವರಿಯಲ್ಲಿ ಲಿಮಾ ಅನ್ನುವ ಹಡಗು ಸೊಮಾಲಿಯಾ ತೀರದಾಚೆ ಅಂಥ ನೀರಿನಲ್ಲಿ ಸಾಗಿತು. ವಿಜ್ಞಾನಿಗಳು ಆಮೇಲೆ ಹಳೆಯ ಉಪಗ್ರಹ ಚಿತ್ರ ತೆಗೆದು ನೋಡಿದರೆ, ಹಡಗಿನವರು ಬರೆದ ಜಾಗದಲ್ಲೇ ಬೆಳಕು. ಸುಮಾರು 15,400 ಚದರ ಕಿಲೋಮೀಟರ್. ಅದು ನಮ್ಮ ತೀರದ ಮಿನುಗಿನಂತಲ್ಲ, ಅಲ್ಲಾಡದೆ ಒಂದೇ ಸಮ ಬೆಳಗುತ್ತದೆ. ಬ್ಯಾಕ್ಟೀರಿಯಾದಿಂದ ಇರಬೇಕು ಅನ್ನುತ್ತಾರೆ.

ಈಗ ನಾವು ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುತ್ತಿದ್ದೇವೆ. ಕಿಟಕಿಯಿಂದ ತೆಗೆದ ವಿಡಿಯೊ, ಸ್ವಲ್ಪ ಅಲ್ಲಾಡುತ್ತದೆ. ನಮ್ಮ ಮನೆ ಶಿರಸಿ ಹತ್ತಿರ. ಸೀಟಿನ ಮೇಲೆ ಕಾಣುತ್ತಿರುವ ಆ ಬಟ್ಟೆ ಚೀಲದಲ್ಲಿ ಪುಸ್ತಕಗಳಿವೆ.

ಚೀಲ ತುಂಬುವ ಮುಂಚೆ ಈ ಸಲ ಒಂದು ಕೆಲಸ ಮಾಡಿದೆ. ಮನೆಯವರಿಗೆಲ್ಲ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. "ನಿಂಗೆ ಯಕ್ಷಗಾನದಲ್ಲಿ ಯಾವುದು ಇಷ್ಟ?" ಅಂತ. ಯಾವ ಪುಸ್ತಕ ಇಷ್ಟ ಅಂದರೆ ನಮ್ಮವರು "ಅಯ್ಯೋ, ಓದೋಕೆ ಎಲ್ಲಿ ಪುರಸೊತ್ತು" ಅನ್ನುತ್ತಾರೆ. ಯಕ್ಷಗಾನ ಅಂದರೆ ಮಾತು ನಿಲ್ಲುವುದಿಲ್ಲ. ಒಬ್ಬರು ರಾಕ್ಷಸನ ಪ್ರವೇಶಕ್ಕೆ ಕಾಯುತ್ತಾರೆ. ಒಬ್ಬರಿಗೆ ಚಂಡೆ ಪೆಟ್ಟು, ಕುಣಿತ. ಒಬ್ಬರು ಹಾಸ್ಯಗಾರ ಬರುವವರೆಗೆ ನಿದ್ದೆ ಮಾಡುತ್ತಾರೆ. ಕೆಲವರಿಗೆ ವೇಷವೇ ಬೇಡ, ತಾಳಮದ್ದಳೆಯ ಅರ್ಥಗಾರಿಕೆ ಸಾಕು, ಅಂದರೆ ಕೂತಲ್ಲೇ ಪಾತ್ರದ ಪರವಾಗಿ ಮಾತಾಡುವುದು. ವಿಜ್ಞಾನದ ಕಾದಂಬರಿ, ಫ್ಯಾಂಟಸಿ ಕಾದಂಬರಿ ಆರಿಸುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ದೊಡ್ಡಮಾವ ತಾಳಮದ್ದಳೆಯವರು. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುತ್ತಾನಲ್ಲ, ಅದನ್ನು ಎಷ್ಟು ಸಲ ಕೇಳಿದರೂ ಅವರಿಗೆ ಸಾಲದು. ಅವರಿಗೆ ಐಸಾಕ್ ಅಸಿಮೋವ್ ಅವರ ರೋಬೋಟ್ ಕಥೆಗಳನ್ನು ತಂದೆ. 1950ರ ಸಂಕಲನ, 'ಐ, ರೋಬೋಟ್'. ರೋಬೋಟ್‌ಗೆ ಮೂರು ನಿಯಮ. ಮನುಷ್ಯರಿಗೆ ಹಾನಿ ಮಾಡಬಾರದು, ಹಾನಿ ಆಗುವುದನ್ನು ನೋಡಿಕೊಂಡು ಸುಮ್ಮನಿರಲೂಬಾರದು. ಮನುಷ್ಯರು ಹೇಳಿದ್ದು ಕೇಳಬೇಕು. ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಮೊದಲನೆಯದಕ್ಕೆ ಎದುರಾದರೆ ಎರಡನೆಯದು ನಡೆಯುವುದಿಲ್ಲ, ಅವೆರಡಕ್ಕೂ ಎದುರಾದರೆ ಮೂರನೆಯದು ನಡೆಯುವುದಿಲ್ಲ. ಅಷ್ಟೇ. ಇನ್ನು ಕಥೆಯೆಲ್ಲ ಈ ನಿಯಮಗಳ ಸಂದಿಯಲ್ಲಿ.

1942ರ ಒಂದು ಕಥೆ ಹೇಳಿದೆ. ಬುಧ ಗ್ರಹದಲ್ಲಿ ಒಂದು ರೋಬೋಟನ್ನು ಸೆಲೆನಿಯಂ ತರಲು ಕಳಿಸುತ್ತಾರೆ. ಅಪ್ಪಣೆ ಸ್ವಲ್ಪ ಸಡಿಲವಾಗಿ ಕೊಟ್ಟಿರುತ್ತಾರೆ. ಅಲ್ಲಿ ಅಪಾಯ ಇರುತ್ತದೆ. ಆ ರೋಬೋಟ್ ದುಬಾರಿ, ಅದಕ್ಕೆ ತನ್ನನ್ನು ಕಾಪಾಡಿಕೊಳ್ಳುವ ನಿಯಮವನ್ನು ಜಾಸ್ತಿ ಬಿಗಿ ಮಾಡಿರುತ್ತಾರೆ. ಹತ್ತಿರ ಹೋದರೆ ಮೂರನೆಯ ನಿಯಮ ಹಿಂದಕ್ಕೆ ಎಳೆಯುತ್ತದೆ, ದೂರ ಬಂದರೆ ಎರಡನೆಯದು ಮುಂದಕ್ಕೆ ದೂಡುತ್ತದೆ. ಎರಡೂ ಸಮ ಆಗುವ ಜಾಗದಲ್ಲಿ ಅದು ಸುತ್ತು ಹೊಡೆಯುತ್ತಲೇ ಇರುತ್ತದೆ.

ಮಾವ ಕವಳ ಉಗುಳಿ ಬಂದು ಕೂತರು. "ಅದರದ್ದು ಎಂತ ತಪ್ಪು? ತಪ್ಪು ಅಪ್ಪಣೆ ಕೊಟ್ಟವರದ್ದು" ಅಂದರು. ಆಮೇಲೆ ಒಂದು ಗಂಟೆ ರೋಬೋಟಿನ ಪರವಾಗಿ ಅರ್ಥ ಹೇಳಿದರು. ಎದುರು ಅರ್ಥ ನನ್ನದು. ನಾನು ಸೋತೆ.

ಅತ್ತಿಗೆಯ ಉತ್ತರ ಬೇರೆ ಇತ್ತು. ಅವಳಿಗೆ ಯಕ್ಷಗಾನ ಅಷ್ಟಕ್ಕಷ್ಟೆ. ವೇಷ ಕಟ್ಟುವ ಚೌಕಿಗೆ ಹೋಗಿ ಬಣ್ಣ ಹೇಗೆ ಕಲೆಸುತ್ತಾರೆ, ಕಿರೀಟ ಹೇಗೆ ಕಟ್ಟುತ್ತಾರೆ ಅಂತ ನೋಡುವುದು ಇಷ್ಟ. ಅಂದರೆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಇಷ್ಟ. ತೋಟದ ಗೊಬ್ಬರ, ಮೆಣಸಿನ ಬಳ್ಳಿ ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಅವಳಿಗೆ ಆಂಡಿ ವೀರ್ ಅವರ 'ದಿ ಮಾರ್ಷಿಯನ್'. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದವನು ಆಲೂಗಡ್ಡೆ ಬೆಳೆಯುವ ಕಥೆ. ವೀರ್ ಇದನ್ನು ಮೊದಲು ತಮ್ಮ ವೆಬ್‌ಸೈಟಿನಲ್ಲಿ ಒಂದೊಂದೇ ಅಧ್ಯಾಯ ಹಾಕುತ್ತಿದ್ದರು, 2011ರಲ್ಲಿ ತಾವೇ ಪ್ರಕಟಿಸಿದರು.

ಅತ್ತಿಗೆ ಮೊದಲು ಕೇಳಿದ್ದೇ ಇದು: "ಅಲ್ಲಿ ಇರೋದು ಬರೀ ಪುಡಿ. ಮಣ್ಣು ಅಂದ್ರೆ ಅದರಲ್ಲಿ ಜೀವ ಬೇಕು. ಅದನ್ನ ಎಲ್ಲಿಂದ ತಂದ?" ಪುಸ್ತಕದಲ್ಲೂ ಅದೇ ಪ್ರಶ್ನೆ ಬರುತ್ತದೆ! ಅವನ ಹತ್ತಿರ ಭೂಮಿಯ ಒಂದಿಷ್ಟು ಮಣ್ಣು ಇರುತ್ತದೆ. ಅದನ್ನೂ ಮನುಷ್ಯರ ಮಲವನ್ನೂ ಸೇರಿಸಿ, ನಾವು ಮೊಸರಿಗೆ ಹೆಪ್ಪು ಹಾಕುವ ಹಾಗೆ ನಿಧಾನವಾಗಿ ಜೀವ ಹರಡಿಸುತ್ತಾನೆ. ಅತ್ತಿಗೆ ಮೂರು ದಿನದಲ್ಲಿ ಓದಿ ಮುಗಿಸಿದಳು. ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಅನ್ನುವ ವಿಷದ ಲವಣ ಇದೆ, 2008ರಲ್ಲಿ ಫೀನಿಕ್ಸ್ ನೌಕೆ ಅದನ್ನು ಪತ್ತೆ ಮಾಡಿತು ಅಂದೆ. "ಹಾಗಾದ್ರೆ ಮೊದ್ಲು ತೊಳೀಬೇಕಿತ್ತು" ಅಂದಳು.

ಕಾರವಾರದಲ್ಲಿ ನನ್ನ ಮನೆ ಓನರ್ ಮಾವಶಿ ಇದ್ದಾರೆ. ಅವರು ಓದುವುದು ಮರಾಠಿ. ಅವರಿಗೆ ಖಗೋಳ ವಿಜ್ಞಾನಿ ಜಯಂತ ನಾರ್ಳಿಕರ್ ಅವರ ಕಥೆಗಳನ್ನು ಕೊಟ್ಟೆ. ನಾರ್ಳಿಕರ್ ಮೊದಲ ಕಥೆಯನ್ನು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಕಳಿಸಿದ್ದು ಬೇರೆ ಹೆಸರಿನಲ್ಲಿ. ಕೈಬರಹ ಗೊತ್ತಾಗಬಾರದು ಅಂತ ಹೆಂಡತಿಯಿಂದ ಬರೆಸಿದ್ದರು. ಬಹುಮಾನ ಬಂತು. ಮಾವಶಿಗೆ ಕಥೆಗಿಂತ ಈ ವಿಷಯವೇ ಜಾಸ್ತಿ ಇಷ್ಟವಾಯಿತು. ಆದರೂ ಓದಿದರು.

ಪುರಸೊತ್ತೇ ಇಲ್ಲ ಅನ್ನುವವರಿಗೆ ರುಕಿಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಳ ಕನಸು'. ಒಂದೇ ಕೂತಲ್ಲಿ ಮುಗಿಯುತ್ತದೆ. 1905ರಲ್ಲಿ ಮದ್ರಾಸಿನ ಒಂದು ಪತ್ರಿಕೆಯಲ್ಲಿ ಬಂದದ್ದು. ಗಂಡಸರು ಮನೆಯೊಳಗೆ, ಹೆಂಗಸರು ಹೊರಗೆ, ಬಿಸಿಲಿನಿಂದ ಅಡುಗೆ ಮಾಡುವ ಊರು. ಇಂಥ ಹಳೆಯ ಪುಸ್ತಕಗಳನ್ನು ದುಡ್ಡು ಕೊಟ್ಟು ತರಲೇಬೇಕು ಅಂತಿಲ್ಲ. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆದ ಮೇಲೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ವರ್ನ್, ವೆಲ್ಸ್, ಮೇರಿ ಶೆಲ್ಲಿ ಅಂಥ ಹಳೆಯ ವಿಜ್ಞಾನ ಕಥೆಗಾರರೆಲ್ಲ ಹಾಗೆ ಮೊಬೈಲ್‌ನಲ್ಲೇ ಸಿಗುತ್ತಾರೆ.

ಕನ್ನಡದಲ್ಲೇ ಓದಬೇಕು ಅನ್ನುವವರು ರಾಜಶೇಖರ ಭೂಸನೂರಮಠರ ಹೆಸರು ಹುಡುಕಿ. ನಮ್ಮ ಭಾಷೆಯಲ್ಲಿ ವಿಜ್ಞಾನ ಕಥೆಗೆ ದಾರಿ ಹಾಕಿದವರಲ್ಲಿ ಅವರು ದೊಡ್ಡವರು. ಹಳೆಯ ಪುಸ್ತಕದಂಗಡಿಯಲ್ಲಿ ಅವರ ಒಂದು ಪ್ರತಿ ಕಂಡರೆ ಬಿಡಬೇಡಿ.

ಇನ್ನು ಅಜ್ಜಿ.

ಈಗ ಕಾಣುತ್ತಿರುವುದು ನಮ್ಮ ಮನೆಯ ಅಂಗಳ. ಅಡಿಕೆ ಸುಲಿಯುವ ಹೊತ್ತು. ಮಧ್ಯದಲ್ಲಿ ರಾಶಿ, ಸುತ್ತ ಮೆಟ್ಟುಗತ್ತಿ, ಒಂದೊಂದರ ಮುಂದೆ ಒಬ್ಬೊಬ್ಬರು. ಎಡಗಡೆ ಮೂಲೆಯಲ್ಲಿ ಬಿಳಿ ಸೀರೆಯಲ್ಲಿ ಇರುವವರೇ ಅಜ್ಜಿ. ಅವಳ ಕೈ ನೋಡಿ. ಅಡಿಕೆಯನ್ನು ಕತ್ತಿಗೆ ಒತ್ತುತ್ತಾಳೆ, ತಿರುಗಿಸುತ್ತಾಳೆ, ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಕಣ್ಣು ಕೈ ಮೇಲೆ ಇರುವುದೇ ಇಲ್ಲ. ಕಣ್ಣು ಕಥೆ ಹೇಳುವವರ ಮುಖದ ಮೇಲೆ.

ಅಜ್ಜಿಗೆ ಯಕ್ಷಗಾನದಲ್ಲಿ ಇಷ್ಟವಾದದ್ದು ಯುದ್ಧ ಅಲ್ಲ, ಶಾಪ ಮತ್ತು ವರ. ಅಂದ ಮಾತು ಹೇಗೆ ಹಿಂದೆ ಬಂದು ಹಿಡಿಯುತ್ತದೆ ಅನ್ನುವುದು. ಅದಕ್ಕೆ ಅವಳಿಗೆ ಅರ್ಸುಲಾ ಲೆ ಗ್ವಿನ್ ಅವರ 'ಎ ವಿಜರ್ಡ್ ಆಫ್ ಅರ್ಥ್‌ಸೀ', 1968ರ ಪುಸ್ತಕ. ಸಮುದ್ರದ ತುಂಬ ದ್ವೀಪಗಳು. ಆಡು ಕಾಯುವ ಒಬ್ಬ ಹುಡುಗ ಮಂತ್ರ ಕಲಿಯುತ್ತಾನೆ. ಸೊಕ್ಕಿನಿಂದ ಮಾಡಬಾರದ್ದನ್ನು ಮಾಡಿ, ಒಂದು ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ. ಈ ಹುಡುಗನ ಮೈಬಣ್ಣ ಕೆಂಪು ಮಿಶ್ರಿತ ಕಂದು. ಮುಖಪುಟದವರು ಅವನನ್ನು ಬೆಳ್ಳಗೆ ಬರೆದಾಗ ಲೆ ಗ್ವಿನ್ ಬಹಳ ಬೇಸರಪಟ್ಟಿದ್ದರು.

ಆ ಲೋಕದಲ್ಲಿ ಪ್ರತಿಯೊಂದಕ್ಕೂ ಒಂದು ನಿಜ ಹೆಸರು ಇರುತ್ತದೆ. ಅದು ಗೊತ್ತಾದವರ ಕೈಯಲ್ಲಿ ಅದರ ಜುಟ್ಟು. ಅದಕ್ಕೆ ಯಾರೂ ತಮ್ಮ ನಿಜ ಹೆಸರು ಹೇಳುವುದಿಲ್ಲ, ಕರೆಯುವ ಹೆಸರೇ ಬೇರೆ. ಇದನ್ನು ಅಜ್ಜಿಗೆ ಬಿಡಿಸಿ ಹೇಳಬೇಕಾಗಬಹುದು ಅಂದುಕೊಂಡಿದ್ದೆ. ಬೇಕಾಗಲಿಲ್ಲ. ಅಜ್ಜ ಬದುಕಿದ್ದಷ್ಟು ದಿನವೂ ಅವರ ಹೆಸರನ್ನು ಒಂದು ಸಲವೂ ಬಾಯಲ್ಲಿ ಹೇಳದವಳು ಅವಳು. "ಹೌದು, ಹೆಸರು ಅಂದ್ರೆ ಸುಮ್ನೆ ಅಲ್ಲ" ಅಂದಳು, ಮತ್ತೊಂದು ಅಡಿಕೆ ತೆಗೆದುಕೊಂಡಳು.

ಒಂಬತ್ತು ರಾತ್ರಿಯಲ್ಲಿ ಪುಸ್ತಕ ಮುಗಿಯಿತು. ಆ ನೆರಳಿನ ಹೆಸರು ಏನು ಅಂತ ಅಜ್ಜಿ ಏಳನೆಯ ರಾತ್ರಿಯೇ ಹೇಳಿಬಿಟ್ಟಳು. ಸರಿಯಾಗಿತ್ತು. ಇಲ್ಲಿ ನಾನು ಹೇಳುವುದಿಲ್ಲ, ನೀವೇ ಓದಿ.

ಹತ್ತನೆಯ ರಾತ್ರಿ ಆ ಸರಣಿಯ ಎರಡನೆಯ ಪುಸ್ತಕ ತೆಗೆದೆ. ಅದರಲ್ಲಿ ಒಂದು ಪುಟ್ಟ ಹುಡುಗಿ. ಗುಡಿಯ ಪೂಜಾರಿಣಿ ಮಾಡಲು ಅವಳನ್ನು ಮನೆಯಿಂದ ಕರೆದುಕೊಂಡು ಹೋಗುತ್ತಾರೆ. ಅವಳ ಹೆಸರನ್ನು ತೆಗೆದುಬಿಡುತ್ತಾರೆ. ಇನ್ನು ಮೇಲೆ ಅವಳು ಅರ್ಹಾ, ಅಂದರೆ ನುಂಗಲ್ಪಟ್ಟವಳು.

ಅಜ್ಜಿಯ ಕೈ ನಿಂತಿತು. ಅಷ್ಟು ದಿನದಲ್ಲಿ ಅವಳ ಕೈ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನನ್ನ ಹೆಸರೂ ಮದುವೆ ಮಂಟಪದಲ್ಲಿ ಬದಲಿಸಿದ್ರು" ಅಂದಳು. ಅಂಗಳದಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ದೊಡ್ಡಮಾವನಿಗೂ, ಅವಳ ಸ್ವಂತ ಮಗನಿಗೂ ಗೊತ್ತಿರಲಿಲ್ಲ. ತವರಿನಲ್ಲಿ ಕರೆಯುತ್ತಿದ್ದ ಆ ಹೆಸರನ್ನು ಅವಳು ಹೇಳಿದಳು, ಮೆಲ್ಲಗೆ. ಅತ್ತಿಗೆ ಒಂದು ಸಲ ಹಾಗೇ ಕರೆದು ನೋಡಿದಳು. ಅಜ್ಜಿ "ಓ" ಅಂದಳು.

ಆಮೇಲೆ ಕ್ಯಾಮೆರಾ ಕಡೆ ನೋಡಿ, "ತಂಗಿ, ಅದನ್ನ ವಿಡಿಯೊದಲ್ಲಿ ಹಾಕಡ. ಮುಂದೆ ಓದು" ಅಂದಳು. ಅದಕ್ಕೆ ಈ ಜಾಗದಲ್ಲಿ ಧ್ವನಿ ತೆಗೆದಿದ್ದೇನೆ.